.38 ಸ್ಪೆಷಲ್ ತೋಟೆ, ಸೀಸದ ಗುಂಡು, ಅದಕ್ಕೊಪ್ಪುವ ಮದ್ದು: ನನ್ನ ಅನುಭವ

.38 ಸ್ಪೆಷಲ್ ಎಂಬ ರಿವಾಲ್ವರ್ ತೋಟೆಯನ್ನು ಕೈಯಾರೆ ತುಂಬಲು ಮದ್ದು ಆರಿಸುವಾಗ ಮೊದಲು ನೋಡಬೇಕಾದದ್ದು ಕೇಸಿನೊಳಗಿನ, ಅಂದರೆ ಮದ್ದು ಹಿಡಿಯುವ ಲೋಹದ ಕೊಳವೆಯೊಳಗಿನ, ಖಾಲಿ ಜಾಗ. ಈ ತೋಟೆ ಬಂದದ್ದು 1898ರಲ್ಲಿ. ಆಗ ಕೇಸು ತುಂಬುವಷ್ಟು ಕಪ್ಪು ಮದ್ದು ಹಾಕುತ್ತಿದ್ದರು. ಈಗಿನ ಹೊಗೆರಹಿತ ಮದ್ದು ಅದಕ್ಕಿಂತ ಎಷ್ಟೋ ಪಾಲು ಕಡಿಮೆ ಸಾಕು, ಆದರೆ ಕೇಸು ಮಾತ್ರ ಅಷ್ಟೇ ದೊಡ್ಡದು. ಮದ್ದಿನ ಆಯ್ಕೆಯಲ್ಲಿ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ಈ ಖಾಲಿ ಜಾಗದಿಂದಲೇ ಬರುತ್ತವೆ.

ಇದು ಅಮೆರಿಕದಲ್ಲಿರುವ ಕನ್ನಡಿಗ ಹವ್ಯಾಸಿಗಳಿಗಾಗಿ ಬರೆದದ್ದು. ಅಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಫೆಡರಲ್ ಕಾನೂನು ಲೈಸೆನ್ಸ್ ಕೇಳುವುದಿಲ್ಲ. ರಾಜ್ಯದ ನಿಯಮ ಬೇರೆ ಇರಬಹುದು, ನೋಡಿಕೊಳ್ಳಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಪರವಾನಗಿ ಬೇಕು. ಕೋವಿಯ ಲೈಸೆನ್ಸ್ ಇದ್ದರೆ ಸಾಲದು.

ಮದ್ದಿಗೆ ಮುನ್ನ ಗುಂಡಿನ ಲೆಕ್ಕ ಸರಿಯಿರಬೇಕು. ನಳಿಗೆಯಲ್ಲಿ ಸೀಸ ಮೆತ್ತಿಕೊಂಡಾಗ ಎಲ್ಲರೂ ಮದ್ದನ್ನು ಬೈಯುತ್ತಾರೆ, ಆದರೆ ಹೆಚ್ಚಿನ ಸಲ ತಪ್ಪು ಗುಂಡಿನ ಅಳತೆಯದು. ತಾಮ್ರದ ಕವಚದ ಗುಂಡಿನ ಅಡ್ಡಳತೆ 0.357 ಇಂಚು ಇದ್ದರೆ ಸೀಸದ್ದು 0.358 ಇರಬೇಕು. ಸಿಲಿಂಡರಿನ ಆರೂ ಕೋಣೆಗಳ ಬಾಯಿಗೆ ಮುಂದಿನಿಂದ ಗುಂಡನ್ನು ಬೆರಳಲ್ಲಿ ಒತ್ತಿ ನೋಡುತ್ತೇನೆ: ತುಸು ಒತ್ತಿದರೆ ಹೋಗಬೇಕು, ತಾನಾಗಿ ಬೀಳಬಾರದು. ಸಡಿಲವಾದ ಗುಂಡಿನ ಪಕ್ಕದಿಂದ ಬಿಸಿ ಅನಿಲ ನುಗ್ಗಿ ಸೀಸವನ್ನು ಕೊರೆಯುತ್ತದೆ. ಅದಕ್ಕೆ ಮದ್ದು ಬದಲಿಸಿ ಪ್ರಯೋಜನವಿಲ್ಲ.

ಗಟ್ಟಿ ಸೀಸವೇ ಒಳ್ಳೆಯದು ಎಂಬ ನಂಬಿಕೆಯೂ ಇಲ್ಲಿ ದಾರಿ ತಪ್ಪಿಸುತ್ತದೆ. ಗುಂಡಿನ ಬ್ರಿನೆಲ್ ಗಡಸುತನವನ್ನು (ಲೋಹ ಎಷ್ಟು ಗಟ್ಟಿ ಎಂಬ ಅಳತೆ) 1422ರಿಂದ ಗುಣಿಸಿದರೆ ಅದು ಹಿಗ್ಗಿ ನಳಿಗೆಗೆ ಕೂರಲು ಬೇಕಾದ ಒತ್ತಡ ಪಿ.ಎಸ್.ಐ.ಗಳಲ್ಲಿ (ಚದರ ಇಂಚಿಗೆ ಇಷ್ಟು ಪೌಂಡ್) ಸುಮಾರಾಗಿ ಸಿಗುತ್ತದೆ. .38 ಸ್ಪೆಷಲ್‌ನ ಗರಿಷ್ಠ ಒತ್ತಡ 17,000 ಪಿ.ಎಸ್.ಐ. ಅಂದರೆ 12ರ ಆಸುಪಾಸಿನ ಗಡಸುತನವೇ ಹೆಚ್ಚು. ಹದವಾದ ತೋಟೆಗೆ ಇನ್ನೂ ಮೆದು ಇದ್ದರೆ ಚೆನ್ನ. 20 ದಾಟಿದ ಗುಂಡಿಗೆ ನಿಧಾನದ ಮದ್ದು ಕಡಿಮೆ ಹಾಕಿದರೆ ಗುಂಡು ಹಿಗ್ಗುವುದೂ ಇಲ್ಲ, ಮದ್ದು ಪೂರ್ತಿ ಉರಿಯುವುದೂ ಇಲ್ಲ.

ಈಗ ಮದ್ದು. ಕಡಿಮೆ ಒತ್ತಡದಲ್ಲೂ ಪೂರ್ತಿ ಉರಿಯಬೇಕಾದರೆ ಬೇಗ ಉರಿಯುವ ಜಾತಿಯೇ ಬೇಕು: ಬುಲ್ಸ್‌ಐ, 231, ಟೈಟ್‌ಗ್ರೂಪ್, ಫಿನ್‌ಲ್ಯಾಂಡಿನ ಎನ್320. ಯೂನಿಕ್ ಇವುಗಳಿಗಿಂತ ಒಂದು ಮೆಟ್ಟಿಲು ನಿಧಾನ. 2400, ಎಚ್110 ಮ್ಯಾಗ್ನಮ್ ತೋಟೆಯ ಮದ್ದುಗಳು. ಇಲ್ಲಿ ಅವಕ್ಕೆ ಕೆಲಸವಿಲ್ಲ. ಎಚ್110 ಅನ್ನಂತೂ ಹೇಳಿದ ಪ್ರಮಾಣಕ್ಕಿಂತ ಇಳಿಸಲೇಬಾರದು. ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯಲ್ಲೇ ನಿಲ್ಲಬಹುದು.

ಬುಲ್ಸ್‌ಐ ಹಳೆಯ ಹೆಸರು, ಗುರಿ ಹೊಡೆಯುವವರ ಮೆಚ್ಚಿನ ಮದ್ದು. 148 ಗ್ರೇನಿನ (ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ಟೊಳ್ಳು ತಳದ, ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡಿಗೆ 2.7 ಗ್ರೇನ್ ಎಂಬುದು ತಲೆಮಾರುಗಳಿಂದ ನಡೆದುಬಂದ ಲೆಕ್ಕ. ಅದು ಅಷ್ಟು ಸಮನಾಗಿ ಹೊಡೆಯುವುದರ ಗುಟ್ಟು ಬರಿಯ ಮದ್ದಿನಲ್ಲಿಲ್ಲ. ವಾಡ್‌ಕಟರ್ ಕೇಸಿನ ಅಂಚಿಗೆ ಸಮನಾಗಿ ಒಳಗೆ ಕೂರುತ್ತದೆ, ಹಾಗಾಗಿ ಮದ್ದು ಅಲುಗಾಡಲು ಜಾಗವೇ ಕಡಿಮೆ. ಆ ಟೊಳ್ಳು ತಳದ ಗುಂಡಿಗೆ ಮದ್ದು ಏರಿಸಿದರೆ ತೆಳುವಾದ ಅಂಚು ಕಿತ್ತು ನಳಿಗೆಯಲ್ಲಿ ಉಳಿಯಬಹುದು. ಮುಂದಿನ ಈಡು ಅದಕ್ಕೇ ಬಡಿಯುತ್ತದೆ.

ಅದೇ ಬುಲ್ಸ್‌ಐಯನ್ನು 158 ಗ್ರೇನಿನ, ತುದಿ ಕತ್ತರಿಸಿದ ಶಂಕುವಿನ ಮೂತಿಯ ಸೆಮಿ ವಾಡ್‌ಕಟರ್ ಕೆಳಗೆ ಹಾಕಿದಾಗ ಗುಂಡಿನಡಿ ಜಾಗ ಹೆಚ್ಚು, ಆದ್ದರಿಂದ ಮದ್ದು ಎಲ್ಲಿ ಕೂತಿದೆ ಎನ್ನುವುದು ವೇಗವನ್ನು ಬದಲಿಸುತ್ತದೆ. ಇದನ್ನು ಅಳೆಯುವುದು ಸುಲಭ. ರೇಂಜಿನಲ್ಲಿ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ರಿವಾಲ್ವರಿನ ಮೂತಿಯನ್ನು ನೆಲದ ಕಡೆ ಇಳಿಸಿ, ಮೆಲ್ಲಗೆ ಸಮಕ್ಕೆ ತಂದು ಐದು ಈಡು ಹೊಡೆಯುತ್ತೇನೆ. ಆಮೇಲೆ ಗುರಿದಿಬ್ಬದ ಕಡೆಗೇ ಮೂತಿ ಮೇಲೆತ್ತಿ, ಸಮಕ್ಕೆ ಇಳಿಸಿ ಐದು. ಮೊದಲ ಸಲ ಮದ್ದು ಗುಂಡಿನ ಬಳಿ, ಎರಡನೆಯ ಸಲ ಕೇಸಿನ ತಳದಲ್ಲಿ ಮದ್ದಿಗೆ ಕಿಡಿ ಹಚ್ಚುವ ಪ್ರೈಮರಿನ ಬಳಿ. ಎರಡನೆಯದು ವೇಗವಾಗಿಯೇ ಹೋಗುತ್ತದೆ, ವ್ಯತ್ಯಾಸ ಎಷ್ಟು ಎಂಬುದೇ ಪ್ರಶ್ನೆ. ವ್ಯತ್ಯಾಸ ಕಡಿಮೆ ತೋರಿಸುವ ಮದ್ದನ್ನು ಇಟ್ಟುಕೊಳ್ಳುತ್ತೇನೆ. ಬೆಲೆ, ಹೊಗೆ, ಮಸಿ ಎಲ್ಲ ಆಮೇಲಿನ ಮಾತು.

ಟೈಟ್‌ಗ್ರೂಪ್ ಈ ಪರೀಕ್ಷೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ, ಕಡಿಮೆ ಸಾಕು, ಅಳೆಯಲೂ ಹಗುರ. ಆದರೆ ಬಿಸಿ ಹೆಚ್ಚು. ಸೀಸದ ಗುಂಡಿನ ಮೇಲಿನ ಮೇಣ ಕರಗಿ ದಟ್ಟ ಹೊಗೆ ಬರುತ್ತದೆ, ಒಳಾಂಗಣದ ರೇಂಜಿನಲ್ಲಿ ಎರಡು ಸಿಲಿಂಡರ್ ಮುಗಿಸುವಷ್ಟರಲ್ಲಿ ಗುರಿ ಮಸುಕಾಗುತ್ತದೆ. ಪಾಲಿಮರ್ ಲೇಪದ ಗುಂಡಿಗೆ ಈ ಕಾಟ ಕಡಿಮೆ. ಯೂನಿಕ್ ಅಗಲವಾದ ಚಕ್ಕೆಗಳ ಮದ್ದು, ಕೇಸಿನಲ್ಲಿ ಹೆಚ್ಚು ಜಾಗ ತುಂಬುತ್ತದೆ, ಅದು ಗುಣ. ಸಣ್ಣ ಪ್ರಮಾಣದಲ್ಲಿ, ಮದ್ದು ಅಳೆದು ಸುರಿಯುವ ಸಾಧನವಾದ ಮೆಷರ್‌ನಿಂದ ಸಮನಾಗಿ ಬೀಳುವುದಿಲ್ಲ, ಅದು ದೋಷ. ಒತ್ತಡ ಸಾಲದಿದ್ದರೆ ಉರಿಯದ ಚಕ್ಕೆಗಳು, ಖಾಲಿ ಕೇಸುಗಳನ್ನು ಹೊರತಳ್ಳುವ ಎಕ್ಸ್‌ಟ್ರಾಕ್ಟರ್ ನಕ್ಷತ್ರದ ಅಡಿ ಸೇರಿಕೊಂಡು ಸಿಲಿಂಡರ್ ತಿರುಗದಂತೆ ಹಿಡಿಯುತ್ತವೆ. ಖಾಲಿ ಕೇಸು ಹೊರಹಾಕುವಾಗ ಮೂತಿ ನೆಟ್ಟಗೆ ಮೇಲಿರಬೇಕು, ಆಗ ಚಕ್ಕೆಗಳೂ ಕೆಳಗೆ ಉದುರುತ್ತವೆ.

158 ಗ್ರೇನಿಗೆ ನನ್ನ ಆಯ್ಕೆ 231. ಅದೇ ಮದ್ದು ಎಚ್‌ಪಿ-38 ಎಂಬ ಹೆಸರಲ್ಲೂ ಸಿಗುತ್ತದೆ. ಚಪ್ಪಟೆಯಾದ ಸಣ್ಣ ಕಾಳು, ಮೆಷರ್‌ನಿಂದ ನೀರಿನಂತೆ ಇಳಿಯುತ್ತದೆ.

ಪ್ರಮಾಣವನ್ನು ಮದ್ದಿನ ತಯಾರಕರ ಇತ್ತೀಚಿನ ಪಟ್ಟಿಯಿಂದಲೇ ತೆಗೆದುಕೊಳ್ಳುತ್ತೇನೆ, ಅದೂ ಅದೇ ತೂಕದ ಸೀಸದ ಗುಂಡಿನ ಸಾಲಿನಿಂದ. ಶುರು ಕನಿಷ್ಠದಿಂದ, ಏರಿಸುವುದು 0.1 ಗ್ರೇನಿನ ಹೆಜ್ಜೆಯಲ್ಲಿ. ಕನಿಷ್ಠಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸೀಸದ ಲೆಕ್ಕವನ್ನು ಕವಚದ ಗುಂಡಿಗೆ ಹಾಕಿದರೆ ಗುಂಡು ನಳಿಗೆಯಲ್ಲಿ ಸಿಕ್ಕಿಕೊಳ್ಳಬಹುದು, ಯಾಕೆಂದರೆ ಕವಚದ ಘರ್ಷಣೆ ಹೆಚ್ಚು. ಮೆಷರ್ ಹೊಂದಿಸಿದ ಮೇಲೆ ಹತ್ತು ಸಲ ಸುರಿದು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸುತ್ತೇನೆ. ಮೊದಲ ಕೆಲವನ್ನು ಹಿಂದಕ್ಕೆ ಹಾಕುತ್ತೇನೆ, ಕಾಳು ಕೂತುಕೊಳ್ಳುವವರೆಗೆ ತೂಕ ನಿಲ್ಲುವುದಿಲ್ಲ. ತಕ್ಕಡಿಯನ್ನು ಪ್ರತಿ ಸಲ ಗೊತ್ತಿರುವ ತೂಕದ ಬಟ್ಟಿನಿಂದ ಪರೀಕ್ಷಿಸಬೇಕು.

ದೊಡ್ಡ ಅಪಾಯ ಎರಡು ಸಲ ಸುರಿಯುವುದು. 2.7ರ ಬದಲು 5.4 ಗ್ರೇನ್ ಬಿದ್ದರೂ ಕೇಸು ತುಂಬಿ ಚೆಲ್ಲುವುದಿಲ್ಲ, ಬೆರಳಿಗೂ ಗೊತ್ತಾಗುವುದಿಲ್ಲ. ಸಿಲಿಂಡರ್ ಒಡೆಯಲು ಅಷ್ಟು ಸಾಕು. ಐವತ್ತು ಕೇಸುಗಳ ಮರದ ಹಲಗೆಯಲ್ಲಿ ಸುರಿದು ಮುಗಿಸಿ, ದೀಪವನ್ನು ಓರೆಯಾಗಿ ಹಿಡಿದು ಒಂದೊಂದರ ಒಳಗೂ ಇಣುಕಿ ನೋಡಿದ ಮೇಲೆಯೇ ಗುಂಡು ಕೂರಿಸುತ್ತೇನೆ. ಒಂದರ ಮಟ್ಟ ಬೇರೆ ಕಂಡರೂ ಅದನ್ನು ಖಾಲಿ ಮಾಡಿ ಮತ್ತೆ ಸುರಿಯಬೇಕು. ಜಾಗ ತುಂಬುವ ಮದ್ದನ್ನು ಹೊಸಬರಿಗೆ ಹೇಳುವುದು ಇದೇ ಕಾರಣಕ್ಕೆ. ಎರಡು ಪಟ್ಟು ಬಿದ್ದರೆ ಕಣ್ಣಿಗೆ ಬೇಗ ಕಾಣುತ್ತದೆ.

ಮೇಜಿನ ಮೇಲೆ ಒಂದೇ ಡಬ್ಬಿ. ಕೆಲಸ ಮುಗಿದೊಡನೆ ಮೆಷರಿನ ಮೇಲಿನ ಪಾತ್ರೆಯಾದ ಹಾಪರ್‌ನ ಮದ್ದು ಅದರದೇ ಡಬ್ಬಿಗೆ. ರಾತ್ರಿ ಬಿಟ್ಟರೆ ಪ್ಲಾಸ್ಟಿಕ್ ಹಾಪರ್ ಮಂಕಾಗುತ್ತದೆ, ಮರುದಿನ ಯಾವ ಮದ್ದೆಂದು ನೆನಪೂ ಇರುವುದಿಲ್ಲ. ಯಾವುದೆಂದು ಖಚಿತವಿಲ್ಲದ ಮದ್ದನ್ನು, ಹುಳಿ ಘಾಟು ವಾಸನೆ ಬಂದು ಕೆಂಪು ಪುಡಿ ಕಾಣುವ ಮದ್ದನ್ನು ಎಂದೂ ತುಂಬಬಾರದು. ಹೊಡೆಯುವಾಗ ಸದ್ದು ಮೆತ್ತಗೆ ಕೇಳಿದರೆ ಅಲ್ಲೇ ನಿಲ್ಲಿಸಿ, ಸಿಲಿಂಡರ್ ಖಾಲಿ ಮಾಡಿ, ನಳಿಗೆಯಲ್ಲಿ ಕಡ್ಡಿ ತೂರಿಸಿ ನೋಡಬೇಕು. ಗುಂಡು ಸಿಕ್ಕಿದ್ದರೆ ಹಿತ್ತಾಳೆಯ ಕಡ್ಡಿಯಿಂದ ಹೊರಗೆ ತಟ್ಟಿ, ಆ ಹಲಗೆಯ ಉಳಿದ ತೋಟೆಗಳನ್ನೂ ಬಿಚ್ಚುತ್ತೇನೆ.