ಗುಳೆ ಹೋಗುವವರಿಗೂ ಸಂಘ: ನಾವು ಮಾಡಿದ್ದು ಹೀಗೆ

ಆಳಂದ ತಾಲ್ಲೂಕಿನ ನಮ್ಮ ಪಂಚಾಯಿತಿಯಲ್ಲಿ ನಾನು ಸಂಜೀವಿನಿ ಒಕ್ಕೂಟದ, ಅಂದರೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ, ಲೆಕ್ಕ ಬರೆಯುತ್ತೇನೆ. ಸಂಘಗಳಿಗೇನೂ ಕೊರತೆ ಇರಲಿಲ್ಲ. ಆದರೆ ಯಾರಿಗೆ ಸಂಘ ಜಾಸ್ತಿ ಬೇಕಿತ್ತೋ ಅವರೇ ಹೊರಗಿದ್ದರು. ದೀಪಾವಳಿ ಮುಗಿದರೆ ಮನೆಗೆ ಬೀಗ ಹಾಕಿ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೊರಡುವ ಮನೆಗಳವು.

ಸಂಘದ ಪಂಚಸೂತ್ರ ಗೊತ್ತಲ್ವಾ? ವಾರದ ಸಭೆ, ವಾರದ ಉಳಿತಾಯ, ಒಳಸಾಲ (ಸಂಘದ ದುಡ್ಡಿನಿಂದ ಸದಸ್ಯರಿಗೇ ಕೊಡುವ ಸಾಲ), ಸಮಯಕ್ಕೆ ಮರುಪಾವತಿ, ಸರಿಯಾದ ಲೆಕ್ಕ. ಬ್ಯಾಂಕಿನವರು ಸಾಲಕ್ಕೆ ಮುಂಚೆ ನೋಡುವುದೂ ಇದನ್ನೇ. ಹಾಜರಿ ಕಡಿಮೆಯಾದರೆ ಇಡೀ ಸಂಘಕ್ಕೆ ಪೆಟ್ಟು. ಅದಕ್ಕೇ ಉಳಿದವರು ಇವರನ್ನು ಸೇರಿಸಿಕೊಳ್ಳಲು ಹೆದರುತ್ತಿದ್ದರು. ಆ ಉಳಿದವರೇನು ಸಾವ್ಕಾರರಲ್ಲವಲ್ಲ.

"ಪುಣೆದಾಗ ಇಟ್ಟಂಗಿ ಹೊರೋರು ಮಂಗಳವಾರದ ಸಭಾಕ್ಕ ಹೆಂಗ ಬರಬೇಕ್ರಿ ಅಕ್ಕಾರ?" ಅಂತ ಒಬ್ಬಾಕೆ ಕೇಳಿದಳು. ಸರಿಯಾದ ಪ್ರಶ್ನೆ.

ಅವರದ್ದೇ ಬೇರೆ ಸಂಘ ಮಾಡಲಿಲ್ಲ. ಮಾಡಿದ್ದರೆ ಆರು ತಿಂಗಳು ಸಭೆಗೆ ಯಾರೂ ಇರುತ್ತಿರಲಿಲ್ಲ. ಒಂದೊಂದು ಸಂಘಕ್ಕೆ ಇಬ್ಬರು, ಮೂವರಂತೆ ಹಂಚಿದೆವು. ಊರಲ್ಲೇ ಇರುವ ಅತ್ತೆಯೋ ನೆಗೆಣ್ಣಿಯೋ ಅವರ ವಾರದ ದುಡ್ಡು ಕಟ್ಟುತ್ತಾರೆ, ಗುಳೆ ಹೋದವರು ಅದನ್ನು ಫೋನಿನಲ್ಲಿ ಕಳಿಸುತ್ತಾರೆ. ಗೈರು ಅಂದರೆ ಗೈರು ಅಂತಲೇ ಬರೆಯುತ್ತೇನೆ. ಸುಳ್ಳು ಹಾಜರಿ ಹಾಕುವುದಿಲ್ಲ.

ಇಷ್ಟರಿಂದ ಬಡತನವೇನೂ ಕರಗಲಿಲ್ಲ. ನಿಜವಾದ ಕೆಲಸ ಆಗಿದ್ದು ಸಾಲದ ತಿಂಗಳು ಬದಲಿಸಿದಾಗ. ನಮ್ಮಲ್ಲಿ ತೊಗರಿ ಬಿತ್ತುವುದು ಜೂನ್, ಜುಲೈನಲ್ಲಿ, ರಾಶಿ ಆಗುವುದು ಡಿಸೆಂಬರ್, ಜನವರಿಗೆ. ನಡುವೆ ಕೈ ಖಾಲಿ. ಕೂಲಿಗೆ ಜನ ಕರೆದೊಯ್ಯುವ ಮೇಸ್ತ್ರಿ ಮುಂಗಡ ಹಿಡಿದು ಬರುವುದು ಸರಿಯಾಗಿ ಆಗಲೇ. ಮುಂಗಡ ತಗೊಂಡರೆ ಆ ಮನೆ ಹೊರಟಿತು ಅಂತಲೇ ಲೆಕ್ಕ. ಹಾಗಾಗಿ ಒಳಸಾಲವನ್ನು ಶ್ರಾವಣಕ್ಕೆ ತಂದೆವು. ತಿಂಗಳಿಗೆ ಬಡ್ಡಿ ಮಾತ್ರ, ಅಸಲು ರಾಶಿ ಆದ ಮೇಲೆ.

ಹೊಲ ಇದ್ದವರಿಗೆ ಇನ್ನೊಂದು ಲಾಭವಾಯಿತು. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆದರೆ ಖರೀದಿ ಕೇಂದ್ರದ ದುಡ್ಡು ಬರುವವರೆಗೆ ಕಾಯಬೇಕಲ್ಲ. ಅಡತಿಯವನ (ದಲ್ಲಾಳಿಯ) ಸಾಲ ಇದ್ದರೆ ರಾಶಿ ಕಣದಿಂದಲೇ ಅವನ ಅಂಗಡಿಗೆ ಹೋಗುತ್ತದೆ. ಆ ಸಾಲ ಇಲ್ಲದವರು ಕಾದರು. ಹೊಲ ಇಲ್ಲದವರು ಆಡು ತಂದರು. ಬಕ್ರೀದ್ ಮುಂಚೆ ಹೋತಕ್ಕೆ ರೇಟು ಚೆನ್ನಾಗಿರುತ್ತದೆ, ಅಸಲು ಆಗ ಕಟ್ಟುತ್ತಾರೆ.

ಗುಳೆ ನಿಂತಿಲ್ಲ. ಕೆಲವರು ಈಗಲೂ ಹೋಗುತ್ತಾರೆ, ಆದರೆ ಮುಂಗಡ ಇಲ್ಲದೆ. ಕೂಲಿ ಸರಿ ಬರದಿದ್ದರೆ ವಾಪಸ್ ಬರಬಹುದು.

ಈಗ ಜಗಳ ಬೇರೆ. ಶ್ರಾವಣದಲ್ಲಿ ಎಲ್ಲರಿಗೂ ಸಾಲ ಬೇಕು, ಪೆಟ್ಟಿಗೆಯಲ್ಲಿ ಅಷ್ಟು ದುಡ್ಡಿಲ್ಲ. ಮೇಸ್ತ್ರಿ ಯಾರ ಮನೆ ಬಾಗಿಲಿಗೆ ಬಂದಿದ್ದಾನೋ ಅವರಿಗೆ ಮೊದಲು ಅಂತ ಸದ್ಯಕ್ಕೆ ತೀರ್ಮಾನ ಮಾಡಿದ್ದೇವೆ.