ಯಾವ ರೀಜನಲ್ ಏರ್‌ಲೈನ್ ಸೇರಬೇಕು? ಅಮೆರಿಕಕ್ಕೆ ಬಂದ ಕನ್ನಡದ ಪೈಲಟ್‌ಗಳಿಗೆ

ಅಮೆರಿಕದಲ್ಲಿ ಹಾರಾಟ ಕಲಿತು, ಇನ್ಸ್ಟ್ರಕ್ಟರ್ ಕೆಲಸ ಮಾಡುತ್ತಾ ಏರ್‌ಲೈನ್ ಸೇರಲು ಬೇಕಾದ 1500 ಗಂಟೆ ಹಾರಾಟದ ಹತ್ತಿರ ಬಂದಿರುವ ಕನ್ನಡದ ಹುಡುಗ ಹುಡುಗಿಯರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಇದು: ಯಾವ ಕಂಪನಿ ಬೋನಸ್ ಜಾಸ್ತಿ ಕೊಡುತ್ತದೆ? ಕೇಳುವುದರಲ್ಲಿ ತಪ್ಪಿಲ್ಲ. ಟ್ರೈನಿಂಗ್ ಸಾಲ ತಲೆ ಮೇಲೆ ಕೂತಿರುತ್ತದೆ. ಆದರೆ ಇಲ್ಲಿ ಬಹಳ ಕಾಲದಿಂದ ರೀಜನಲ್ ಜೆಟ್ ಹಾರಿಸುತ್ತಿರುವ ನಾನು ಎಲ್ಲರಿಗೂ ಹೇಳುವುದು ಇಷ್ಟೇ. ನೀವು ಮನೆ ಮಾಡಿಕೊಂಡು ಇರಬಲ್ಲ ಊರಲ್ಲಿ ಬೇಸ್, ಅಂದರೆ ಡ್ಯೂಟಿ ಶುರುವಾಗುವ ಜಾಗ, ಇರುವ ಕಂಪನಿಯನ್ನು ಮೊದಲು ನೋಡಿ. ಬೋನಸ್, ವಿಮಾನ, ದೊಡ್ಡ ಕಂಪನಿಗೆ ಹೋಗುವ ಫ್ಲೋ, ಇವೆಲ್ಲ ಅದರ ನಂತರ.

ಅದಕ್ಕೂ ಮುಂಚೆ ಒಂದು ಮಾತು. ಇದನ್ನು ಊರಲ್ಲಿರುವ ಅಪ್ಪ ಅಮ್ಮಂದಿರೂ ಓದಲಿ. ಇಲ್ಲಿನ ಏರ್‌ಲೈನ್ ಕೆಲಸಕ್ಕೆ ಲೈಸೆನ್ಸ್ ಒಂದೇ ಸಾಲದು. ಈ ದೇಶದಲ್ಲಿ ನಿರ್ಬಂಧವಿಲ್ಲದೆ ಕೆಲಸ ಮಾಡುವ ಹಕ್ಕು ಬೇಕು. ಅಂದರೆ ಹೆಚ್ಚಾಗಿ ಗ್ರೀನ್ ಕಾರ್ಡ್ ಅಥವಾ ಪೌರತ್ವ. ಸಾಫ್ಟ್‌ವೇರ್‌ನವರಿಗೆ ಸಿಗುವ ಎಚ್-1ಬಿ ವೀಸಾ ಪೈಲಟ್ ಕೆಲಸಕ್ಕೆ ಒದಗುವುದಿಲ್ಲ. ಸ್ಟೂಡೆಂಟ್ ವೀಸಾದಲ್ಲಿ ಬಂದು ಎಲ್ಲಾ ಲೈಸೆನ್ಸ್ ಮಾಡಿಕೊಂಡರೂ ಕೊನೆಗೆ ಏರ್‌ಲೈನ್ ಬಾಗಿಲಲ್ಲಿ ನಿಂತು ವಾಪಸ್ ಹೋಗಬೇಕಾಗಬಹುದು. ಅಪ್ಪ ಅಮ್ಮನ ಎಚ್-1ಬಿ ಮೇಲೆ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿರುವ ಮಕ್ಕಳಿಗೆ 21 ತುಂಬಿದರೆ ಆ ಆಸರೆಯೂ ಹೋಗುತ್ತದೆ. ಭಾರತೀಯರಿಗೆ ಉದ್ಯೋಗದ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಎಂದು ನಿಮಗೆ ಗೊತ್ತೇ ಇದೆ. ಹಾಗಾಗಿ ಗ್ರೀನ್ ಕಾರ್ಡ್ ದಾರಿ ಸ್ಪಷ್ಟವಾಗುವ ಮೊದಲು ಅಮೆರಿಕದ ಏರ್‌ಲೈನ್ ಕೆಲಸವನ್ನೇ ನಂಬಿ ಮನೆ ಅಡವಿಟ್ಟು ಸಾಲ ಮಾಡಬೇಡಿ. ಆಸ್ಟ್ರೇಲಿಯಾದ ಪೌರತ್ವ ಪಡೆದ ಕನ್ನಡಿಗರಿಗೆ ಮಾತ್ರ ಇ-3 ವೀಸಾ ಎಂಬ ಬೇರೆ ದಾರಿ ಇದೆ. ಕೆಲವು ರೀಜನಲ್‌ಗಳು ಅದರ ಮೇಲೆ ಅಲ್ಲಿನ ಪೈಲಟ್‌ಗಳನ್ನು ತೆಗೆದುಕೊಂಡಿವೆ.

ಜಕ್ಕೂರಿನಲ್ಲೋ ಇನ್ನೆಲ್ಲೋ ಕಲಿತು ಭಾರತದ ಡಿಜಿಸಿಎ ಲೈಸೆನ್ಸ್ ತಂದವರಿಗೂ ಒಂದು ಸೂಚನೆ. ಭಾರತದಲ್ಲಿ ಹಾರಿದ ಗಂಟೆಗಳು ಲಾಗ್‌ಬುಕ್‌ನಲ್ಲಿ ಸರಿಯಾಗಿದ್ದರೆ ಲೆಕ್ಕಕ್ಕೆ ಬರುತ್ತವೆ. ಆದರೆ ಕಮರ್ಷಿಯಲ್ ಲೈಸೆನ್ಸ್ ಹಾಗೇ ಬದಲಾಗುವುದಿಲ್ಲ. ಇಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎಯ ಪರೀಕ್ಷೆ ಬರೆದು, ಚೆಕ್‌ರೈಡ್ ಎಂಬ ಹಾರಾಟದ ಪರೀಕ್ಷೆ ಕೊಡಲೇಬೇಕು.

ಇಲ್ಲಿ ರೀಜನಲ್ ಎಂದರೆ ಏನು

ನಮ್ಮ ಕಡೆ ಸ್ಟಾರ್ ಏರ್ ಬೆಳಗಾವಿಗೋ ಕಲಬುರಗಿಗೋ ಹಾರುವಾಗ ತನ್ನದೇ ಹೆಸರಿನಲ್ಲಿ, ತನ್ನದೇ ಟಿಕೆಟ್ ಮಾರಿ ಹಾರುತ್ತದೆ. ಅಮೆರಿಕದಲ್ಲಿ ಅದೇ ಎಂಬ್ರೇಯರ್ 175 ಹಾರಿಸುವ ರೀಜನಲ್‌ಗಳ ವ್ಯವಸ್ಥೆಯೇ ಬೇರೆ. ವಿಮಾನದ ಮೇಲೆ ಯುನೈಟೆಡ್, ಡೆಲ್ಟಾ ಅಥವಾ ಅಮೆರಿಕನ್ ಎಂದು ಬರೆದಿರುತ್ತದೆ. ಟಿಕೆಟ್ ಮಾರುವುದು, ಎಲ್ಲಿಗೆ ಹಾರಬೇಕು ಎಂದು ತೀರ್ಮಾನಿಸುವುದು ಆ ದೊಡ್ಡ ಕಂಪನಿ. ಪೈಲಟ್‌ಗಳು ಮಾತ್ರ ಸ್ಕೈವೆಸ್ಟ್, ರಿಪಬ್ಲಿಕ್, ಎನ್ವಾಯ್, ಎಂಡೆವರ್ ಮುಂತಾದ ಕಂಪನಿಯವರು. ದೊಡ್ಡವರು ಒಪ್ಪಂದ ಮುರಿದರೆ ಚಿಕ್ಕ ಕಂಪನಿಗೆ ಹಾರಲು ಕೆಲಸವೇ ಇರುವುದಿಲ್ಲ.

ಇದು ಬರೀ ಭಯದ ಮಾತಲ್ಲ. 2020ರ ಏಪ್ರಿಲ್‌ನಲ್ಲಿ ಟ್ರಾನ್ಸ್ ಸ್ಟೇಟ್ಸ್ ಮತ್ತು ಕಂಪಾಸ್ ಎಂಬ ರೀಜನಲ್‌ಗಳು ಬಾಗಿಲು ಹಾಕಿದವು. ಅದೇ ವರ್ಷ ಎಕ್ಸ್‌ಪ್ರೆಸ್‌ಜೆಟ್ ಕೈಯಿಂದ ಯುನೈಟೆಡ್ ಕೆಲಸ ತಪ್ಪಿತು. 2022ರಲ್ಲಿ ಅದು ಪೂರ್ತಿ ನಿಂತಿತು. 2025ರ ಕೊನೆಗೆ ಮೆಸಾ ಹೋಗಿ ರಿಪಬ್ಲಿಕ್ ಜೊತೆ ಸೇರಿಕೊಂಡಿತು. ಎಕ್ಸ್‌ಪ್ರೆಸ್‌ಜೆಟ್ ಒಂದು ಕಾಲಕ್ಕೆ ದೊಡ್ಡ ರೀಜನಲ್‌ಗಳಲ್ಲೊಂದು. ಅಲ್ಲಿ ಹತ್ತು ಹದಿನೈದು ವರ್ಷ ದುಡಿದ ಕ್ಯಾಪ್ಟನ್‌ಗಳು ಬೇರೆ ಕಡೆ ಸೇರಿದಾಗ ಹೊಸಬರ ಸಾಲಿನ ಕೊನೆಯಲ್ಲಿ ನಿಂತರು. ಯಾಕೆಂದರೆ ಇಲ್ಲಿ ಎಲ್ಲವೂ ನಡೆಯುವುದು ಸೀನಿಯಾರಿಟಿ ನಂಬರ್ ಮೇಲೆ. ಯಾವ ಬೇಸ್, ಯಾವ ಟ್ರಿಪ್, ಯಾವಾಗ ರಜೆ, ಯಾವಾಗ ಕ್ಯಾಪ್ಟನ್, ಎಲ್ಲಕ್ಕೂ ಅದೇ ನಂಬರ್. ಕಂಪನಿ ಬದಲಿಸಿದರೆ ಅದು ನಿಮ್ಮ ಜೊತೆ ಬರುವುದಿಲ್ಲ. ಎಷ್ಟೇ ಅನುಭವವಿದ್ದರೂ ಮತ್ತೆ ಕೊನೆಯಿಂದ ಶುರು.

ದೊಡ್ಡ ಕಂಪನಿಯೇ ಮಾಲೀಕನಾಗಿರುವ ರೀಜನಲ್‌ಗಳು ಸ್ವಲ್ಪ ಭದ್ರ ಎಂದು ನನ್ನ ಅಭಿಪ್ರಾಯ. ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್ ಮೂರೂ ಅಮೆರಿಕನ್‌ನವು. ಎಂಡೆವರ್ ಡೆಲ್ಟಾದ್ದು. ಹೊರೈಜನ್ ಅಲಾಸ್ಕಾದ್ದು. ಸ್ಕೈವೆಸ್ಟ್ ಮತ್ತು ರಿಪಬ್ಲಿಕ್ ಸ್ವತಂತ್ರ ಕಂಪನಿಗಳು, ಆದರೆ ಒಬ್ಬರಿಗಿಂತ ಹೆಚ್ಚು ದೊಡ್ಡ ಕಂಪನಿಗಳಿಗೆ ಹಾರುತ್ತವೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರಿದ್ದಾರೆ. ಒಬ್ಬರನ್ನೇ ನಂಬಿರುವ, 50 ಸೀಟಿನ ಹಳೇ ವಿಮಾನಗಳನ್ನೇ ನಂಬಿರುವ ಸ್ವತಂತ್ರ ಕಂಪನಿಯನ್ನು ಎರಡು ಸಲ ಯೋಚಿಸಿ ಸೇರಿ. ಎಂಬ್ರೇಯರ್ 145 ಆಗಲಿ ಸಿಆರ್‌ಜೆ 200 ಆಗಲಿ ಈಗ ಹೊಸದಾಗಿ ತಯಾರಾಗುತ್ತಿಲ್ಲ.

ಇಷ್ಟೆಲ್ಲಾ ಅಳೆದು ತೂಗಿದರೂ ಐದು ವರ್ಷದ ನಂತರ ಯಾವ ಕಂಪನಿ ಹೇಗಿರುತ್ತದೆ ಎಂದು ಯಾರೂ ಹೇಳಲಾರರು. ಆದರೆ ನೀವು ಎಲ್ಲಿ ವಾಸ ಮಾಡುತ್ತೀರಿ ಎನ್ನುವುದು ನಿಮ್ಮ ಕೈಯಲ್ಲಿದೆ. ಬೇಸ್ ಮೊದಲು ಎನ್ನುವುದಕ್ಕೆ ಇದು ಒಂದು ಕಾರಣ.

ಬೇಸ್ ಯಾಕೆ ಇಷ್ಟು ಮುಖ್ಯ

ಕೆಎಸ್‌ಆರ್‌ಟಿಸಿ ಡ್ರೈವರ್‌ಗೆ ಡಿಪೋ ಇದ್ದ ಹಾಗೆ ಪೈಲಟ್‌ಗೆ ಬೇಸ್. ಡ್ಯೂಟಿ ಅಲ್ಲಿಂದಲೇ ಶುರು, ಅಲ್ಲಿಗೇ ಮುಕ್ತಾಯ. ನೀವು ಡಾಲಸ್‌ನಲ್ಲಿದ್ದು ಬೇಸ್ ಷಾರ್ಲೆಟ್‌ನಲ್ಲಿದ್ದರೆ, ಡ್ಯೂಟಿಗೆ ಮೊದಲು ಷಾರ್ಲೆಟ್ ತಲುಪುವುದು ನಿಮ್ಮದೇ ತಲೆನೋವು. ಜಂಪ್‌ಸೀಟ್‌ನಲ್ಲಿ, ಅಂದರೆ ಸಿಬ್ಬಂದಿಗೆಂದು ಇರುವ ಹೆಚ್ಚುವರಿ ಸೀಟಿನಲ್ಲಿ, ಬಿಟ್ಟಿ ಹೋಗಬಹುದು ನಿಜ. ಸೀಟು ತುಂಬಿದ್ದರೆ? ಗುಡುಗು ಮಳೆಗೆ ವಿಮಾನ ತಡವಾದರೆ? ನಾಲ್ಕು ದಿನದ ಟ್ರಿಪ್‌ಗೆ ಆರು ದಿನ ಮನೆಯಿಂದ ಹೊರಗೆ. ಆ ಎರಡು ದಿನಕ್ಕೆ ಸಂಬಳ ಇಲ್ಲ.

ಹೊಸಬರಿಗೆ ಇದು ಇನ್ನೂ ಕಷ್ಟ, ಯಾಕೆಂದರೆ ಹೊಸಬರು ಕೂರುವುದು ರಿಸರ್ವ್‌ನಲ್ಲಿ, ಅಂದರೆ ಕರೆ ಬರಬಹುದೆಂದು ಕಾಯುವ ಡ್ಯೂಟಿಯಲ್ಲಿ. ಶಾರ್ಟ್ ಕಾಲ್ ರಿಸರ್ವ್ ಎಂದರೆ ಫೋನ್ ಬಂದ ಎರಡು ಗಂಟೆ ಆಸುಪಾಸಿನಲ್ಲಿ ಏರ್‌ಪೋರ್ಟ್‌ನಲ್ಲಿರಬೇಕು. ಬೇರೆ ಊರಲ್ಲಿ ಕೂತು ಇದನ್ನು ಮಾಡಲಾಗದು. ಹಾಗಾಗಿ ಬೇಸ್ ಊರಲ್ಲಿ ಕ್ರ್ಯಾಶ್ ಪ್ಯಾಡ್ ಹಿಡಿಯಬೇಕು. ಒಂದು ಮನೆಯಲ್ಲಿ ಬಂಕ್ ಹಾಸಿಗೆ ಹಾಕಿ ಎಂಟು ಹತ್ತು ಜನ ಪೈಲಟ್‌ಗಳು ಮಲಗುವ ಜಾಗ. ಫೋನ್ ಬಾರದ ದಿನವೂ ಅಲ್ಲೇ ಕೂರಬೇಕು. ಬೇಸ್‌ನಲ್ಲೇ ಮನೆ ಇದ್ದರೆ ಅದೇ ರಿಸರ್ವ್ ದಿನ ನೀವು ಮಗುವಿಗೆ ಊಟ ಮಾಡಿಸುತ್ತಾ, ಮನೆ ಕೆಲಸ ಮಾಡುತ್ತಾ ಕಳೆಯಬಹುದು. ಹೊಸದಾಗಿ ಮದುವೆಯಾಗಿ ಹೆಂಡತಿಯನ್ನೋ ಗಂಡನನ್ನೋ ಈಗಷ್ಟೇ ಕರೆಸಿಕೊಂಡವರು ಇದನ್ನು ಗಂಭೀರವಾಗಿ ಯೋಚಿಸಿ. ಪರಿಚಯವಿಲ್ಲದ ದೇಶದಲ್ಲಿ ಒಬ್ಬರೇ ವಾರಗಟ್ಟಲೆ ಇರುವುದು ಸುಲಭ ಅಲ್ವಲ್ಲ.

ಇನ್ನು ಸುರಕ್ಷತೆ. 2009ರ ಫೆಬ್ರವರಿ 12ರ ರಾತ್ರಿ ಬಫಲೋ ಹತ್ತಿರ ಕೋಲ್ಗನ್ ಏರ್ ಎಂಬ ರೀಜನಲ್‌ನ 3407 ವಿಮಾನ ಬಿದ್ದು 50 ಜನ ಸತ್ತರು. ಮುಖ್ಯ ಕಾರಣ, ವೇಗ ಕಡಿಮೆಯಾಗಿ ಸ್ಟಾಲ್ (ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿ) ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಸ್ಪಂದಿಸಿದ್ದು. ಆದರೆ ತನಿಖೆಯಲ್ಲಿ ಇನ್ನೊಂದು ವಿಷಯವೂ ಹೊರಬಂತು. ಇಬ್ಬರೂ ಪೈಲಟ್‌ಗಳು ಬೇಸ್‌ನಿಂದ ಬಹಳ ದೂರ ಇದ್ದವರು. ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ಸಿಯಾಟಲ್ ಕಡೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ನ್ಯೂವಾರ್ಕ್ ತಲುಪಿದ್ದರು. ಸರಿಯಾದ ಹಾಸಿಗೆಯಲ್ಲಿ ನಿದ್ದೆ ಇಲ್ಲ. ಇವತ್ತಿನ 1500 ಗಂಟೆಯ ನಿಯಮ ಬಂದದ್ದೇ ಈ ಅಪಘಾತದ ನಂತರ. ಡ್ಯೂಟಿಗೆ ಮೊದಲು ಹತ್ತು ಗಂಟೆ ವಿಶ್ರಾಂತಿ, ಅದರಲ್ಲಿ ಎಂಟು ಗಂಟೆ ನಿದ್ದೆಗೆ ಅವಕಾಶ ಎಂಬ ನಿಯಮವೂ ಆಮೇಲೆ ಬಂತು. ಆದರೆ ಮನೆಯಿಂದ ಬೇಸ್‌ಗೆ ನೀವು ಮಾಡುವ ಪ್ರಯಾಣ ಡ್ಯೂಟಿ ಲೆಕ್ಕಕ್ಕೆ ಬರುವುದಿಲ್ಲ. ಆ ಆಯಾಸವನ್ನು ನೀವೇ ಹೊತ್ತುಕೊಂಡು ಕಾಕ್‌ಪಿಟ್‌ಗೆ ಹೋಗುತ್ತೀರಿ.

ಊರು ಆರಿಸುವಾಗ ಒಂದಕ್ಕಿಂತ ಹೆಚ್ಚು ರೀಜನಲ್‌ಗಳಿರುವ ಊರು ಸಿಕ್ಕರೆ ಬಹಳ ಒಳ್ಳೆಯದು. ಷಿಕಾಗೋ ಓಹೇರ್ ಯುನೈಟೆಡ್‌ಗೂ ಹಬ್, ಅಮೆರಿಕನ್‌ಗೂ ಹಬ್. ಎನ್ವಾಯ್, ಸ್ಕೈವೆಸ್ಟ್ ಎರಡಕ್ಕೂ ಅಲ್ಲಿ ಬೇಸ್ ಇದೆ. ಒಂದು ಕಂಪನಿ ಕೈಕೊಟ್ಟರೂ ಮನೆ ಬದಲಿಸದೆ ಇನ್ನೊಂದಕ್ಕೆ ಸೇರಬಹುದು. ಮಕ್ಕಳ ಸ್ಕೂಲು ಬದಲಾಗುವುದಿಲ್ಲ. ಕನ್ನಡದವರೂ ಅಲ್ಲಿ ಬೇಕಾದಷ್ಟಿದ್ದಾರೆ, ವಿದ್ಯಾರಣ್ಯ ಕನ್ನಡ ಕೂಟ ಅರ್ಧ ಶತಮಾನದಿಂದ ನಡೆಯುತ್ತಿದೆ. ಡಾಲಸ್ ಕಡೆ ಮಲ್ಲಿಗೆ ಕನ್ನಡ ಸಂಘ ಇದೆ, ಎನ್ವಾಯ್‌ನ ದೊಡ್ಡ ಬೇಸೂ ಅಲ್ಲೇ ಇದೆ. ನೀವು ಟ್ರಿಪ್‌ನಲ್ಲಿರುವಾಗ ಮನೆಯವರಿಗೆ ಜ್ವರ ಬಂದರೆ ಗಂಜಿ ತಂದುಕೊಡುವವರು ಹತ್ತಿರ ಇದ್ದಾರೆಯೇ ಎನ್ನುವುದು ಕೂಡ ಕಂಪನಿ ಆರಿಸುವ ಲೆಕ್ಕದಲ್ಲಿ ಇರಲೇಬೇಕು.

ಇಲ್ಲಿ ಒಂದು ಎಚ್ಚರ. ಕಂಪನಿಗೆ ಷಿಕಾಗೋದಲ್ಲಿ ಬೇಸ್ ಇದೆ ಎಂದ ಮಾತ್ರಕ್ಕೆ ನಿಮಗೆ ಷಿಕಾಗೋ ಸಿಗುತ್ತದೆ ಎಂದಲ್ಲ. ಹೊಸಬರನ್ನು ಯಾರಿಗೂ ಬೇಡದ ಬೇಸ್‌ಗೆ ಹಾಕುತ್ತಾರೆ. ಕೇಳಬೇಕಾದ ಪ್ರಶ್ನೆ ಇದು: ಈಗ ಆ ಬೇಸ್‌ನಲ್ಲಿರುವ ಎಲ್ಲರಿಗಿಂತ ಜೂನಿಯರ್ ಫಸ್ಟ್ ಆಫೀಸರ್ ಕಂಪನಿಗೆ ಸೇರಿ ಎಷ್ಟು ತಿಂಗಳಾಯಿತು? ರಿಕ್ರೂಟರ್ ಹೇಳುವುದರ ಜೊತೆಗೆ ಅಲ್ಲಿ ಹಾರುತ್ತಿರುವ ಇಬ್ಬರು ಮೂವರನ್ನೂ ಕೇಳಿ ನೋಡಿ.

ಸಂಬಳ, ಬೋನಸ್, ಫ್ಲೋ

ಸಂಬಳದ ವಿಷಯ ಹಿಂದಿನಷ್ಟು ಕೆಟ್ಟದಾಗಿಲ್ಲ. 2022ರ ಜೂನ್‌ನಲ್ಲಿ ಅಮೆರಿಕನ್‌ನ ರೀಜನಲ್‌ಗಳು ಮೊದಲ ವರ್ಷದ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್ ಎಂದು ಘೋಷಿಸಿದ ಮೇಲೆ ಉಳಿದವರೂ ಏರಿಸಬೇಕಾಯಿತು. ತಿಂಗಳಿಗೆ ಖಾತರಿ ಕೊಡುವುದು ಸಾಮಾನ್ಯವಾಗಿ 75 ಗಂಟೆಯ ಆಸುಪಾಸು. ಗಂಟೆಗೆ 90ರಂತೆ ಲೆಕ್ಕ ಹಾಕಿದರೆ ವರ್ಷಕ್ಕೆ 81 ಸಾವಿರ ಡಾಲರ್. ಕಂಪನಿ ಕಂಪನಿಗೆ ಗಂಟೆಯ ದರದಲ್ಲಿ ನಾಲ್ಕಾರು ಡಾಲರ್ ವ್ಯತ್ಯಾಸ ಕಂಡರೆ ಅದರ ಹಿಂದೆ ಓಡಬೇಡಿ. ಕ್ರ್ಯಾಶ್ ಪ್ಯಾಡ್ ಬಾಡಿಗೆ ಮತ್ತು ಕಳೆದುಹೋದ ರಜಾ ದಿನಗಳಲ್ಲಿ ಅದು ಕರಗಿಹೋಗುತ್ತದೆ.

ಬೋನಸ್ ತೆಗೆದುಕೊಳ್ಳುವಾಗ ಒಪ್ಪಂದವನ್ನು ಪೂರ್ತಿ ಓದಿ. ಎಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಎಷ್ಟು ವಾಪಸ್ ಕೊಡಬೇಕು, ಟ್ರೈನಿಂಗ್‌ನಲ್ಲಿ ಫೇಲಾದರೆ ಏನು, ಕಂಪನಿಯೇ ಬೇಸ್ ಮುಚ್ಚಿದರೆ ಏನು. ಈ ನಾಲ್ಕಕ್ಕೂ ಉತ್ತರ ಕಾಗದದ ಮೇಲಿರಬೇಕು. ಅರ್ಥವಾಗದಿದ್ದರೆ ವಕೀಲರಿಗೆ ತೋರಿಸಿ. ಆ ಫೀಸು ದುಡ್ಡು ದಂಡವಲ್ಲ.

ಫ್ಲೋ ಎಂದರೆ ಸಂದರ್ಶನವಿಲ್ಲದೆ ಸೀನಿಯಾರಿಟಿ ಪ್ರಕಾರ ದೊಡ್ಡ ಕಂಪನಿಗೆ ಹೋಗುವ ವ್ಯವಸ್ಥೆ. ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್‌ನಿಂದ ಅಮೆರಿಕನ್‌ಗೆ ಈ ದಾರಿ ಇದೆ. ಯುನೈಟೆಡ್‌ಗೆ ಏವಿಯೇಟ್, ಡೆಲ್ಟಾಗೆ ಪ್ರೊಪೆಲ್ ಎಂಬ ಬೇರೆ ಬಗೆಯ ಕಾರ್ಯಕ್ರಮಗಳಿವೆ. ಇಲ್ಲಿ ನಮ್ಮವರಿಗೆ ಏರ್‌ಲೈನ್‌ನಲ್ಲಿ ಅಪ್ಪನೋ ಚಿಕ್ಕಪ್ಪನೋ ಇರುವುದಿಲ್ಲ, ಶಿಫಾರಸು ಮಾಡುವವರು ಕಡಿಮೆ. ಹಾಗಾಗಿ ಫ್ಲೋ ನಮಗೆ ಬೆಲೆಯುಳ್ಳದ್ದು. ಆದರೆ ಸಾಲು ಎಷ್ಟು ವೇಗವಾಗಿ ಮುಂದೆ ಹೋಗುತ್ತದೆ ಎನ್ನುವುದು ದೊಡ್ಡ ಕಂಪನಿ ಎಷ್ಟು ಜನರನ್ನು ತೆಗೆದುಕೊಳ್ಳುತ್ತದೆ ಎನ್ನುವುದರ ಮೇಲಿದೆ. 2022ರಲ್ಲಿ ಓಡುತ್ತಿದ್ದ ಸಾಲು 2024ರಲ್ಲಿ ನಿಧಾನವಾಯಿತು. ಸೇರಿದ ಮೇಲೂ ಬೇರೆ ಕಡೆ ಅರ್ಜಿ ಹಾಕುತ್ತಲೇ ಇರಿ.

ಕ್ಯಾಪ್ಟನ್ ಆಗಲು ಏರ್‌ಲೈನ್‌ನಲ್ಲೇ 1000 ಗಂಟೆ ಹಾರಿರಬೇಕು. ಅದಾದ ತಕ್ಷಣ ಎಲ್ಲಾದರೂ ಕ್ಯಾಪ್ಟನ್‌ನ ಎಡ ಸೀಟು ಸಿಗುವ ಕಂಪನಿಯನ್ನು ನಾನು ಮೆಚ್ಚುತ್ತೇನೆ. ಆದರೆ ಆ ಸೀಟು ಬೇರೆ ಬೇಸ್‌ನಲ್ಲಿ, ಅದೂ ರಿಸರ್ವ್‌ನಲ್ಲಿ ಸಿಗಬಹುದು. ಆಗ ಮನೆಯವರ ಜೊತೆ ಕೂತು ತೀರ್ಮಾನ ಮಾಡಿ.

ಯೂನಿಯನ್ ಬಗ್ಗೆಯೂ ತಿಳಿದಿರಲಿ. ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್, ಎಂಡೆವರ್‌ನಲ್ಲಿ ಆಲ್ಪಾ ಎಂಬ ಪೈಲಟ್‌ಗಳ ಯೂನಿಯನ್ ಇದೆ. ರಿಪಬ್ಲಿಕ್ ಮತ್ತು ಹೊರೈಜನ್‌ನಲ್ಲಿ ಟೀಮ್‌ಸ್ಟರ್ಸ್. ಸ್ಕೈವೆಸ್ಟ್ ಪೈಲಟ್‌ಗಳಿಗೆ ಯೂನಿಯನ್ ಇಲ್ಲ. ಮೆಡಿಕಲ್ ತೊಂದರೆಯೋ ಶಿಸ್ತಿನ ವಿಚಾರಣೆಯೋ ಬಂದಾಗ ಪಕ್ಕದಲ್ಲಿ ಕೂರುವವರು ಬೇಕು ಎಂದು ನಾನು ನಂಬುತ್ತೇನೆ.

ಟ್ರೈನಿಂಗ್ ಹೇಗಿದೆ ಎಂದು ವಿಚಾರಿಸುವುದನ್ನು ಜನ ಮರೆಯುತ್ತಾರೆ. ಸಿಮ್ಯುಲೇಟರ್‌ನಲ್ಲಿ ಹಿಂದೆ ಬಿದ್ದವರಿಗೆ ಹೆಚ್ಚುವರಿ ಸೆಷನ್ ಕೊಡುತ್ತಾರಾ, ಅಥವಾ ಮನೆಗೆ ಕಳಿಸುತ್ತಾರಾ? ಚೆಕ್‌ರೈಡ್ ಫೇಲಾದರೆ ಅದು ಎಫ್‌ಎಎ ಪೈಲಟ್ ದಾಖಲೆಯಲ್ಲಿ ಉಳಿಯುತ್ತದೆ. ಮುಂದೆ ಪ್ರತಿ ಕಂಪನಿಯೂ ಅದನ್ನು ನೋಡುತ್ತದೆ. ಟ್ರೈನಿಂಗ್ ಶುರುವಾಗುವ ಮೊದಲೇ ಕಾಕ್‌ಪಿಟ್‌ನಲ್ಲಿ ಸ್ವಿಚ್‌ಗಳನ್ನು ನೋಡಿಕೊಳ್ಳುವ ಕ್ರಮ, ಜೋರಾಗಿ ಹೇಳಬೇಕಾದ ಕಾಲ್‌ಔಟ್‌ಗಳು ಬಾಯಿಪಾಠ ಆಗಿರಲಿ. ರೇಡಿಯೋದಲ್ಲಿ ನಿಧಾನವಾಗಿ, ಬಿಡಿಸಿ ಮಾತಾಡಿ. ನಮ್ಮ ಉಚ್ಚಾರದ ಬಗ್ಗೆ ಸಂಕೋಚ ಬೇಡ.

ಹಬ್ಬದ ವಿಷಯದಲ್ಲಿ ಒಂದು ಸಂತೋಷದ ಸಂಗತಿ ಇದೆ. ಥ್ಯಾಂಕ್ಸ್‌ಗಿವಿಂಗ್‌ಗೂ ಕ್ರಿಸ್‌ಮಸ್‌ಗೂ ಎಲ್ಲರೂ ರಜೆ ಕೇಳುತ್ತಾರೆ, ಜೂನಿಯರ್‌ಗೆ ಸಿಗುವುದಿಲ್ಲ. ಯುಗಾದಿಗೋ ಗೌರಿ ಗಣೇಶಕ್ಕೋ ಪೈಪೋಟಿಯೇ ಇಲ್ಲ. ಡಿಸೆಂಬರ್ 25ಕ್ಕೆ ಒಬ್ಬರ ಟ್ರಿಪ್ ಎತ್ತಿಕೊಂಡು ದೀಪಾವಳಿಗೆ ಅವರ ಸಹಾಯ ಪಡೆಯಬಹುದು. ಟ್ರಿಪ್‌ಗೆ ಹೊರಡುವಾಗ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಬ್ಯಾಗ್‌ನಲ್ಲಿರಲಿ. ರಾತ್ರಿ ಹನ್ನೊಂದಕ್ಕೆ ಸಣ್ಣ ಊರಿನ ಹೋಟೆಲ್ ತಲುಪಿದರೆ ಸಸ್ಯಾಹಾರಿಗಳಿಗೆ ಸಿಗುವುದು ಚಿಪ್ಸ್ ಮಾತ್ರ.

ಎರಡು ಕಂಪನಿಗಳು ಎಲ್ಲದರಲ್ಲೂ ಸಮ ಎನಿಸಿದರೆ ಯಾರು ಮೊದಲು ಕ್ಲಾಸ್ ಡೇಟ್, ಅಂದರೆ ಟ್ರೈನಿಂಗ್ ಶುರುವಾಗುವ ದಿನ, ಕೊಡುತ್ತಾರೋ ಅಲ್ಲಿಗೆ ಹೋಗಿ. ಒಂದು ತಿಂಗಳು ತಡವಾಗಿ ಸೇರಿದರೆ ಆ ತಿಂಗಳಲ್ಲಿ ಸೇರಿದವರೆಲ್ಲ ಆ ಕಂಪನಿಯಲ್ಲಿರುವವರೆಗೂ ನಿಮಗಿಂತ ಮುಂದೆ. ಅಷ್ಟರೊಳಗೆ ಫಸ್ಟ್ ಕ್ಲಾಸ್ ಮೆಡಿಕಲ್ ಎಂಬ ಆರೋಗ್ಯ ಪರೀಕ್ಷೆ ಮಾಡಿಸಿ, ಲಾಗ್‌ಬುಕ್ ಲೆಕ್ಕ ತಾಳೆ ನೋಡಿ. ಭಾರತದ ಪಾಸ್‌ಪೋರ್ಟ್ ಅವಧಿ ಮುಗಿಯುವ ಹಾಗಿದ್ದರೆ ಈಗಲೇ ನವೀಕರಣಕ್ಕೆ ಹಾಕಿ. ಕೆನಡಾಕ್ಕೋ ಮೆಕ್ಸಿಕೋಕ್ಕೋ ಟ್ರಿಪ್ ಬೀಳಬಹುದು, ಪಾಸ್‌ಪೋರ್ಟ್ ಇಲ್ಲ ಎಂದು ಕ್ಲಾಸ್ ಡೇಟ್ ಮುಂದೆ ಹೋಗಬಾರದು.