ದೂರ ಹೋಗದೆ ಜನರಿಂದ ದೂರವಾಗುವುದು ಹೇಗೆ?

ಚಳಿಗಾಲದಲ್ಲಿ ಟೆಂಟ್ ಹಾಕಿ, ದೋಣಿಯಲ್ಲಿ ಹುಟ್ಟು ಹಾಕುತ್ತಾ ಎರಡು ದಿನ ಯಾರ ಮುಖವನ್ನೂ ನೋಡದೆ ಇರಬೇಕು ಅನ್ನಿಸಿದರೆ, ನಾವು ಮೊದಲು ಹುಡುಕುವುದು ಎಂಟು ಗಂಟೆ ದಾರಿಯ ಕಾಡನ್ನೇ. ಹಗಲೇ ಚಿಕ್ಕದಾದ ದಿನಗಳಲ್ಲಿ ಅರ್ಧ ರಜೆ ರಸ್ತೆಯಲ್ಲೇ ಮುಗಿಯುತ್ತದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗೆ. ಬೇಸಿಗೆಯಲ್ಲಿ ಗಿಜಿಗುಡುವ ಹತ್ತಿರದ ಜಲಾಶಯ ಈಗ ಖಾಲಿ ಬಿದ್ದಿರುತ್ತದೆ, ಅಲ್ವಾ? ಅದರ ಆಚೆ ದಡಕ್ಕೆ ರಸ್ತೆ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ದೋಣಿ ಇದ್ದವರಷ್ಟೇ ಅಲ್ಲಿಗೆ ಹೋಗಬಲ್ಲರು.

ಮೊದಲ ಕೆಲಸ ಮನೆಯಲ್ಲೇ. ಎರಡು ಗಂಟೆಯಲ್ಲಿ ತಲುಪುವಷ್ಟು ದೂರಕ್ಕೆ ನಕ್ಷೆಯ ಮೇಲೆ ಒಂದು ವೃತ್ತ ಎಳೆಯಿರಿ. ಅದರೊಳಗಿನ ನೀಲಿ ಬಣ್ಣವನ್ನಷ್ಟೇ ನೋಡಿ. 1:50,000 ಅಳತೆಯ ನಕ್ಷೆಯಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ. ದಡಕ್ಕೂ ರಸ್ತೆಗೂ ನಡುವೆ ಕನಿಷ್ಠ ಅಷ್ಟಾದರೂ ಅಂತರ ಇರುವ ಕಡೆ ಪೆನ್ಸಿಲ್ ಗುರುತು ಹಾಕಿ. ಹಿನ್ನೀರು ಬೆರಳುಗಳಂತೆ ಒಳಕ್ಕೆ ಚಾಚಿದ ಜಾಗಗಳೆಂದರೆ ನನಗೆ ಜಾಸ್ತಿ ಇಷ್ಟ. ಅಲ್ಲಿ ಗಾಳಿಯ ಹೊಡೆತವೂ ಸಾಮಾನ್ಯವಾಗಿ ಕಡಿಮೆ. ಎತ್ತರ ತೋರಿಸುವ ಗೆರೆಗಳು ಒತ್ತೊತ್ತಾಗಿದ್ದರೆ ದಡ ಕಡಿದಾಗಿದೆ ಎಂದರ್ಥ. ಟೆಂಟ್‌ಗೆ ಜಾಗ ಸಿಗುವುದಿಲ್ಲ, ಬಿಟ್ಟುಬಿಡಿ.

ಆಮೇಲೆ ರಾತ್ರಿಯ ದೀಪಗಳನ್ನು ತೋರಿಸುವ ಉಪಗ್ರಹ ನಕ್ಷೆ ತೆರೆಯಿರಿ. ನೀವು ಗುರುತು ಹಾಕಿದ ಜಾಗ ಅದರಲ್ಲಿ ಕಪ್ಪಾಗಿ ಕಂಡರೆ ಸುತ್ತಮುತ್ತ ಜನವಸತಿ ಕಡಿಮೆ. ಎಷ್ಟೋ ಸಲ ಊರಿನ ಪಕ್ಕದಲ್ಲೇ ಇಂಥ ಕಪ್ಪು ತೇಪೆ ಸಿಕ್ಕಿ ಅಚ್ಚರಿಯಾಗುತ್ತದೆ.

ಮುಂದಿನದು ಹಲವರು ಮರೆಯುವ ಹಂತ. ಹೋದ ವರ್ಷ ಇದೇ ತಿಂಗಳಲ್ಲಿ ಅಲ್ಲಿ ನೀರು ಹೇಗಿತ್ತು ಎಂದು ನೋಡಿ. ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಒಂದೊಂದು ಚುಕ್ಕೆ ನೆಲದ ಮೇಲಿನ 10 ಮೀಟರ್‌ಗೆ ಸಮ. ನೀರು ಇಳಿದು ದಡವೆಲ್ಲ ಕೆಸರಾಗಿತ್ತೇ, ಹೆಪ್ಪುಗಟ್ಟಿತ್ತೇ, ಸುಮಾರಾಗಿ ತಿಳಿಯುತ್ತದೆ. ಮೊಣಕಾಲುದ್ದ ಕೆಸರಿನಲ್ಲಿ ದೋಣಿ ಎಳೆದವರು ಈ ಹಂತವನ್ನು ಮತ್ತೆ ಬಿಡುವುದಿಲ್ಲ.

ಜಾಗ ಯಾರದ್ದು ಎಂದು ವಿಚಾರಿಸಿ ಅನುಮತಿ ಪಡೆಯಿರಿ. ದೋಣಿಗೆ, ರಾತ್ರಿ ತಂಗಲು, ಬೆಂಕಿ ಹಾಕಲು ಬೇರೆ ಬೇರೆ ನಿಯಮ ಇರಬಹುದು. ಅಣೆಕಟ್ಟು ಇದ್ದರೆ ನೀರು ಬಿಡುವ ವೇಳೆಯನ್ನೂ ಕೇಳಿ. ಬಳಿಕ ಸಾಮಾನಿಲ್ಲದೆ ಒಂದು ದಿನ ಸುಮ್ನೆ ಹೋಗಿ ನೋಡಿ ಬನ್ನಿ.

ಇನ್ನು ಚಳಿಯ ವಿಷಯ. ಇಲ್ಲಿ ಅವಸರ ಬೇಡ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖವನ್ನು ಎಳೆದುಕೊಳ್ಳುತ್ತದೆ. ಕೊರೆಯುವ ನೀರಿಗೆ ಬಿದ್ದರೆ ಮೊದಲ 1 ನಿಮಿಷ ಏದುಸಿರು. ಅದನ್ನು ಹತೋಟಿಗೆ ತರುವುದೇ ಆಗಿನ ಕೆಲಸ. ಆಮೇಲೆ ಸುಮಾರು 10 ನಿಮಿಷ ಮಾತ್ರ ಕೈಕಾಲು ನಮ್ಮ ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಬೇಕು. ಆದರೆ ಲೈಫ್ ಜಾಕೆಟ್ ಇಲ್ಲದವರು ಅಷ್ಟು ಹೊತ್ತು ತೇಲಿರುವುದೇ ಕಷ್ಟ. ಹಾಗಾಗಿ ಬಿಸಿಲು ಹಿತವಾಗಿದ್ದರೂ ನೀರಿನ ಚಳಿಗೆ ತಕ್ಕ ಬಟ್ಟೆ ಹಾಕಿ. ನಡುನೀರಲ್ಲಿ ಅಡ್ಡ ಹಾಯುವ ಬದಲು ದಡ ಹಿಡಿದೇ ಸಾಗಿ, ದಾರಿ ಉದ್ದವಾದರೂ ಚಿಂತೆಯಿಲ್ಲ. ಒಣ ಬಟ್ಟೆ ನೀರು ಹೋಗದ ಚೀಲದಲ್ಲಿರಲಿ.

ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲೇ ದಡ ಸೇರಿ. ತಣ್ಣನೆಯ ಗಾಳಿ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಟೆಂಟ್ ಸ್ವಲ್ಪ ಮೇಲೆ, ನೀರಿನಿಂದ ಸುಮಾರು 60 ಮೀಟರ್ ಆಚೆ ಇರಲಿ.

ಇಂಥ ಕಡೆ ಮೊಬೈಲ್ ಸಿಗ್ನಲ್ ಸಿಗುತ್ತದೆ ಎಂದು ನಂಬಬೇಡಿ. ಹೊರಡುವ ಮೊದಲು ಮನೆಯಲ್ಲಿ ಒಂದು ಚೀಟಿ ಬರೆದಿಡಿ. ಎಲ್ಲಿ ದೋಣಿ ಇಳಿಸುತ್ತೀರಿ, ಎಲ್ಲಿ ಮಲಗುತ್ತೀರಿ, ಎಷ್ಟು ಗಂಟೆಯೊಳಗೆ ನಿಮ್ಮ ಫೋನ್ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದೆಲ್ಲ ಅದರಲ್ಲಿರಲಿ.